ಝಾರ್ ಎರಡನೇ ನಿಕೊಲಸ್ ತಾನೇ ಸೇನೆಯ ಮುಂದಾಳಾದದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಹಾಯುದ್ಧದ ಮಾತು ಬಂದಾಗಲೆಲ್ಲ ರಷ್ಯದ ಕೊನೆಯ ಝಾರ್ ಬಗ್ಗೆ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಬಂದವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ವಿಷಯ ಹೊಸದಾದರೆ ಮೇಲಿನಿಂದ ಓದಿ. ಕಥೆ ಗೊತ್ತಿದ್ದವರು ಸೀದಾ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಯಾವ ಝಾರ್, ಯಾವ ಯುದ್ಧ? ಒಂದೇ ಉಸಿರಿನಲ್ಲಿ ಹೇಳಿ.

ರಷ್ಯದ ಕೊನೆಯ ದೊರೆ ಎರಡನೇ ನಿಕೊಲಸ್. ಯುದ್ಧ ಶುರುವಾದದ್ದು ಆಗಸ್ಟ್ 1914ರಲ್ಲಿ. ಒಂದು ವರ್ಷ ಸೇನೆಯನ್ನು ಅವನ ಬಂಧುವೊಬ್ಬ ನಡೆಸಿದ. 1915ರ ಬೇಸಿಗೆಯಲ್ಲಿ ಸೋಲಿನ ಮೇಲೆ ಸೋಲು ಬಂತು. ಸೆಪ್ಟೆಂಬರ್ 5, 1915ರಂದು ಝಾರ್ ಅವನನ್ನು ಇಳಿಸಿ ತಾನೇ ಸರ್ವೋಚ್ಚ ದಂಡನಾಯಕನಾದ. ಒಂದೂವರೆ ವರ್ಷದ ನಂತರ, ಮಾರ್ಚ್ 15, 1917ರಂದು, ಸಿಂಹಾಸನವನ್ನೇ ಬಿಡಬೇಕಾಯಿತು.

ಕೆಲವು ಕಡೆ ಆಗಸ್ಟ್ 23 ಅಂತ ಇದೆ, ಕೆಲವು ಕಡೆ ಸೆಪ್ಟೆಂಬರ್ 5. ಯಾವುದು ಸರಿ?

ಎರಡೂ ಸರಿ. ರಷ್ಯದಲ್ಲಿ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಇತ್ತು. ಅದು ನಾವು ಬಳಸುವ ಕ್ಯಾಲೆಂಡರ್‌ಗಿಂತ 13 ದಿನ ಹಿಂದೆ. ಝಾರ್ ಆಳ್ವಿಕೆಯನ್ನು ಮುಗಿಸಿದ 1917ರ 'ಫೆಬ್ರವರಿ ಕ್ರಾಂತಿ' ಮಾರ್ಚ್‌ನಲ್ಲಿ ನಡೆದದ್ದೂ ಇದೇ ಕಾರಣಕ್ಕೆ. ಇಲ್ಲಿ ಎಲ್ಲ ತಾರೀಖುಗಳನ್ನೂ ಹೊಸ ಲೆಕ್ಕದಲ್ಲೇ ಕೊಟ್ಟಿದ್ದೇನೆ.

ನಿಕೊಲಸ್‌ಗೆ ಮೊದಲು ಇದ್ದವನ ಹೆಸರೂ ನಿಕೊಲಾಯ್ ಅಲ್ವಾ? ಗೊಂದಲ ಆಗುತ್ತೆ.

ಹೌದು, ಇಬ್ಬರದೂ ಒಂದೇ ಹೆಸರು. ಮೊದಲ ವರ್ಷ ಸೇನೆ ನಡೆಸಿದವನು ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್. ಒಂದನೇ ನಿಕೊಲಸ್‌ನ ಮೊಮ್ಮಗ, ಝಾರ್‌ಗೆ ಸಂಬಂಧದಲ್ಲಿ ಚಿಕ್ಕಪ್ಪ. ಸುಮಾರು ಆರೂವರೆ ಅಡಿ ಎತ್ತರದ ಆಳು. ಕುಳ್ಳಗಿನ ಝಾರ್ ಪಕ್ಕದಲ್ಲಿ ನಿಂತ ಫೋಟೊ ನೋಡಿದರೆ ಮೊದಲು ಕಣ್ಣಿಗೆ ಬೀಳುವವನು ಅವನೇ. ಅರಮನೆಯಲ್ಲಿ ಎಲ್ಲರನ್ನೂ ಎತ್ತರಿಸಿದ ದನಿಯಲ್ಲಿ ಮಾತಾಡಿಸುತ್ತಿದ್ದ. ಸೈನಿಕರಲ್ಲಿ, ಪತ್ರಿಕೆಗಳಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ನಿಜಕ್ಕೂ ಯುದ್ಧತಂತ್ರದಲ್ಲಿ ಅಷ್ಟೇನೂ ದೊಡ್ಡವನಲ್ಲ. ಆದರೆ ಜನ ಅವನನ್ನು ನಂಬಿದ್ದರು. ರಾಜಕೀಯದಲ್ಲಿ ಅದೂ ಒಂದು ಬಲವೇ.

ಇಲ್ಲಿಂದ ಮುಂದೆ ಅವನನ್ನು 'ಗ್ರ್ಯಾಂಡ್ ಡ್ಯೂಕ್' ಅಂತ ಮಾತ್ರ ಕರೆಯುತ್ತೇನೆ.

ಸ್ತಾವ್ಕಾ ಅಂದ್ರೇನು?

ಸರ್ವೋಚ್ಚ ದಂಡನಾಯಕನ ಕೇಂದ್ರ ಕಚೇರಿ. ಮೊದಲು ಬಾರಾನೊವಿಚಿ ಎಂಬ ಊರಿನ ಹತ್ತಿರ, ಪೈನ್ ಮರಗಳ ನಡುವೆ ನಿಲ್ಲಿಸಿದ ರೈಲು ಬೋಗಿಗಳಲ್ಲಿ ಇತ್ತು. ಜರ್ಮನ್ನರು ಹತ್ತಿರ ಬಂದಾಗ, ಆಗಸ್ಟ್ 1915ರಲ್ಲಿ, ನೀಪರ್ ನದಿಯ ದಡದ ಮೊಗಿಲೆವ್‌ಗೆ ಹೋಯಿತು. ಎರಡು ಊರೂ ಈಗ ಬೆಲಾರುಸ್‌ನಲ್ಲಿವೆ.

## ನಿರ್ಧಾರ ಮತ್ತು ಅದರ ಸುತ್ತಮುತ್ತ

1915ರಲ್ಲಿ ಅಂಥದ್ದೇನಾಯ್ತು? ಒಂದು ವರ್ಷದಲ್ಲಿ ಸೇನೆ ಅಷ್ಟು ಹದಗೆಟ್ಟಿದ್ದು ಹೇಗೆ?

ಮೇ 2, 1915ರಂದು ಜರ್ಮನಿ ಮತ್ತು ಆಸ್ಟ್ರಿಯಾ ಸೇನೆಗಳು ಈಗಿನ ಪೋಲೆಂಡಿನ ಗೊರ್ಲಿಸೆ ಮತ್ತು ಟಾರ್ನೂವ್ ಊರುಗಳ ನಡುವೆ ದೊಡ್ಡ ದಾಳಿ ಶುರು ಮಾಡಿದವು. ಅವರ ಭಾರಿ ಫಿರಂಗಿಗಳಿಗೆ ಉತ್ತರ ಕೊಡಲು ರಷ್ಯನ್ನರ ಬಳಿ ಗುಂಡುಗಳೇ ಸಾಕಷ್ಟಿರಲಿಲ್ಲ. ಯುದ್ಧ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡು ಫಿರಂಗಿಗೆ ಸುಮಾರು ಸಾವಿರ ಗುಂಡುಗಳಂತೆ ಕೂಡಿಟ್ಟಿದ್ದರು. ಅದೆಲ್ಲ ಮೊದಲ ಕೆಲವು ತಿಂಗಳಲ್ಲೇ ಕರಗಿತ್ತು. ರೈಫಲ್ಲುಗಳೂ ಸಾಲದೆ, ಮುಂದಿದ್ದವನು ಬಿದ್ದ ಮೇಲೆ ಅವನ ರೈಫಲ್ ಎತ್ತಿಕೊಳ್ಳಲು ಹಿಂದಿನವನು ಕಾಯುವ ಸ್ಥಿತಿ ಬಂತು.

ಆಮೇಲೆ ನಡೆದದ್ದನ್ನು 'ಮಹಾ ಹಿನ್ನಡೆ' ಎನ್ನುತ್ತಾರೆ. ಮಾರ್ಚ್‌ನಲ್ಲಿ ಗೆದ್ದಿದ್ದ ಪ್ಶೆಮಿಶ್ಲ್ ಕೋಟೆ ಜೂನ್ ಆರಂಭದಲ್ಲಿ ಕೈತಪ್ಪಿತು. ಜೂನ್ 22ಕ್ಕೆ ಲ್ವೀವ್ ಹೋಯಿತು. ಆಗಸ್ಟ್ ಮೊದಲ ವಾರ ವಾರ್ಸಾ, ಆಮೇಲೆ ಕೊವ್ನೊ, ನೊವೊಗೆಯೊರ್ಗಿಯೆವ್ಸ್ಕ್, ಬ್ರೆಸ್ಟ್ ಲಿಟೊವ್ಸ್ಕ್. ನೊವೊಗೆಯೊರ್ಗಿಯೆವ್ಸ್ಕ್ ಕೋಟೆಯೊಂದರಲ್ಲೇ 80 ಸಾವಿರಕ್ಕೂ ಜಾಸ್ತಿ ಸೈನಿಕರು ಸೆರೆಸಿಕ್ಕರು. ಆ ವರ್ಷ ಸೆರೆಯಾದವರ ಒಟ್ಟು ಸಂಖ್ಯೆ ಸುಮಾರು 10 ಲಕ್ಷ.

ಇನ್ನೊಂದು ಮಾತು ಹೇಳಲೇಬೇಕು. ಹಿಂದೆ ಸರಿಯುವಾಗ ಸೇನೆ ಬೆಳೆ ಸುಟ್ಟಿತು, ಊರು ಖಾಲಿ ಮಾಡಿಸಿತು. ಗೂಢಚಾರರೆಂಬ ಅನುಮಾನದ ಹೆಸರಿನಲ್ಲಿ ಯಹೂದಿಗಳನ್ನು ಮನೆಗಳಿಂದ ಹೊರದಬ್ಬಿತು. ಲಕ್ಷಾಂತರ ನಿರಾಶ್ರಿತರು ರಷ್ಯದ ಒಳನಾಡಿನ ರಸ್ತೆಗಳಲ್ಲಿ ತುಂಬಿಕೊಂಡರು. ಈ ಕ್ರೂರ ಆಜ್ಞೆಗಳು ಬಂದದ್ದು ಗ್ರ್ಯಾಂಡ್ ಡ್ಯೂಕ್‌ನ ಸ್ತಾವ್ಕಾದಿಂದ, ಅದರಲ್ಲೂ ಅವನ ಸಿಬ್ಬಂದಿ ಮುಖ್ಯಸ್ಥ ಯಾನುಷ್ಕೆವಿಚ್‌ನಿಂದ. ಹಳೆಯ ದಂಡನಾಯಕನನ್ನು ಬದಲಿಸಿದ್ದೇ ತಪ್ಪು ಎನ್ನುವವರು ಇದನ್ನು ಮರೆತುಬಿಡುತ್ತಾರೆ.

ಸೋಲುತ್ತಿರುವಾಗ ಯಾರಾದ್ರೂ ಹೋಗಿ ತಲೆ ಕೊಡ್ತಾರಾ? ಯಾಕೆ ಹೋದ?

ಅವನಿಗೆ ಅದೇ ಕಾರಣವಾಗಿತ್ತು. ದೇಶಕ್ಕೆ ಕಷ್ಟ ಬಂದಾಗ ದೊರೆ ಸೈನಿಕರ ಜೊತೆ ಇರಬೇಕು ಎಂದು ಅವನು ಮನಸಾರೆ ನಂಬಿದ್ದ. 1904ರಲ್ಲಿ ಜಪಾನ್ ಜೊತೆ ಯುದ್ಧವಾದಾಗಲೂ ಹೋಗಲು ಆಸೆಪಟ್ಟಿದ್ದ. 1914ರಲ್ಲೂ ಹೊರಟಿದ್ದ, ಮಂತ್ರಿಗಳು ತಡೆದಿದ್ದರು. ಮೂರನೇ ಸಲ ಅವನು ಯಾರ ಮಾತನ್ನೂ ಕೇಳಲಿಲ್ಲ.

ಭಾವನೆಯಷ್ಟೇ ಅಲ್ಲ, ಆಡಳಿತದ ಕಾರಣವೂ ಇತ್ತು. ಇದರ ಬಗ್ಗೆ ಜನ ಜಾಸ್ತಿ ಮಾತಾಡುವುದಿಲ್ಲ. 1914ರ ಜುಲೈನಲ್ಲಿ ಬಂದ ಯುದ್ಧಕಾಲದ ನಿಯಮಾವಳಿ ಸರ್ವೋಚ್ಚ ದಂಡನಾಯಕನಿಗೆ ವಿಪರೀತ ಅಧಿಕಾರ ಕೊಟ್ಟಿತ್ತು. ರಣರಂಗ ಎಂದು ಸಾರಿದ ಇಡೀ ಪ್ರದೇಶದಲ್ಲಿ ನಾಗರಿಕ ಅಧಿಕಾರಿಗಳೂ ಅವನ ಕೆಳಗೆ. ರಾಜಧಾನಿ ಪೆಟ್ರೊಗ್ರಾದ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಕೂಡ ಆ ಪ್ರದೇಶದ ಒಳಗೇ ಬರುತ್ತಿತ್ತು. ಈ ನಿಯಮ ಬರೆದವರು ದಂಡನಾಯಕ ಝಾರ್ ಆಗಿರುತ್ತಾನೆ ಎಂದೇ ಎಣಿಸಿದ್ದರು. ಆ ಕುರ್ಚಿಯಲ್ಲಿ ಬೇರೊಬ್ಬ ಕೂತಾಗ ದೇಶಕ್ಕೆ ಎರಡು ಸರ್ಕಾರ ಇದ್ದಂತಾಯಿತು. ಸ್ತಾವ್ಕಾ ತಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಇಡೀ ಬೇಸಿಗೆ ಗೋಳಾಡಿದವರು ಇದೇ ಮಂತ್ರಿಗಳು. ಝಾರ್ ದಂಡನಾಯಕನಾದರೆ ಆ ಬಿರುಕು ಮುಚ್ಚುತ್ತಿತ್ತು. ಕಾಗದದ ಮೇಲೆ ಇದು ಸರಿಯಾದ ಲೆಕ್ಕವೇ.

ಮಂತ್ರಿಗಳು ಸುಮ್ನೆ ಇದ್ರಾ?

ಇಲ್ಲ. ಯುದ್ಧ ಮಂತ್ರಿ ಪೊಲಿವಾನೊವ್ ಆಗಸ್ಟ್ 19ರ ಸಭೆಯಲ್ಲಿ ಈ ಸುದ್ದಿ ಹೇಳಿದಾಗ ಎಲ್ಲರೂ ದಂಗಾದರು. ಸಭೆಯ ಟಿಪ್ಪಣಿಗಳನ್ನು ಬರೆದಿಟ್ಟವರು ಯಾಖೊಂಟೊವ್ ಎಂಬ ಅಧಿಕಾರಿ. ಆ ಕೋಣೆಯ ಹೆದರಿಕೆ ನಮಗೆ ಗೊತ್ತಾಗುವುದು ಅವರಿಂದಲೇ.

ಸೆಪ್ಟೆಂಬರ್ 2ರಂದು ಝಾರ್ ಎದುರೇ ವಾದ ನಡೆಯಿತು. ಅವನು ಜಗ್ಗಲಿಲ್ಲ. ಮರುದಿನ ಎಂಟು ಮಂತ್ರಿಗಳು ಸಹಿ ಹಾಕಿ ಪತ್ರ ಕೊಟ್ಟರು. ಈ ನಿರ್ಧಾರದಿಂದ ರಷ್ಯಕ್ಕೂ ನಿಮಗೂ ನಿಮ್ಮ ವಂಶಕ್ಕೂ ಘೋರ ಪರಿಣಾಮ ಬರಬಹುದು ಎಂಬುದು ಅದರ ಸಾರ. ವಿದೇಶಾಂಗ ಮಂತ್ರಿ ಸಜೊನೊವ್, ಕೃಷಿ ಮಂತ್ರಿ ಕ್ರಿವೊಶೆಯಿನ್, ಹಣಕಾಸಿನ ಬಾರ್ಕ್ ಅವರಲ್ಲಿ ಕೆಲವರು. ಪೊಲಿವಾನೊವ್ ಮತ್ತು ನೌಕಾ ಮಂತ್ರಿ ಗ್ರಿಗೊರೊವಿಚ್ ಅದೇ ಅಭಿಪ್ರಾಯದವರು. ಆದರೆ ಸಮವಸ್ತ್ರ ತೊಟ್ಟವರು ದೊರೆಗೆ ಇಂಥ ಪತ್ರಕ್ಕೆ ಸಹಿ ಹಾಕುವಂತಿರಲಿಲ್ಲ. ಪ್ರಧಾನಿ ಗೊರೆಮಿಕಿನ್ ಮಾತ್ರ ಝಾರ್ ಹೇಳಿದ್ದೇ ಸರಿ ಎಂದು ನಿಂತರು. ಝಾರ್‌ನ ತಾಯಿ ಮರಿಯಾ ಫ್ಯೊದೊರೊವ್ನಾ, ಡೂಮಾ ಎಂಬ ಸಂಸತ್ತಿನ ಅಧ್ಯಕ್ಷ ರೊಡ್ಜಿಯಾಂಕೊ ಕೂಡ ಬೇಡವೆಂದೇ ಹೇಳಿದ್ದರು.

ಸಹಿ ಹಾಕಿದವರ ಗತಿ? ಒಬ್ಬೊಬ್ಬರಾಗಿ ಹೊರಗೆ. 1917ರ ಕ್ರಾಂತಿಯ ಹೊತ್ತಿಗೆ ಆ ಎಂಟರಲ್ಲಿ ಕುರ್ಚಿಯಲ್ಲಿ ಉಳಿದಿದ್ದವರು ಇಬ್ಬರೇ, ಬಾರ್ಕ್ ಮತ್ತು ವ್ಯಾಪಾರ ಮಂತ್ರಿ ಶಖೊವ್ಸ್ಕೊಯ್.

ರಾಸ್ಪುಟಿನ್ ಹೇಳಿದ್ದಕ್ಕೇ ಹೋದನಂತೆ, ನಿಜಾನಾ?

ಪೂರ್ತಿ ನಿಜವಲ್ಲ. ರಾಸ್ಪುಟಿನ್ ಅಂದರೆ ರಾಣಿ ಬಲವಾಗಿ ನಂಬಿದ್ದ, ಸೈಬೀರಿಯದಿಂದ ಬಂದ ಒಬ್ಬ 'ದೇವಮಾನವ'. ರಾಣಿ ಅಲೆಕ್ಸಾಂಡ್ರಾಗೆ ಗ್ರ್ಯಾಂಡ್ ಡ್ಯೂಕ್ ಕಂಡರೆ ಆಗುತ್ತಿರಲಿಲ್ಲ. 1905ರಲ್ಲಿ ಸಂವಿಧಾನದ ದಾರಿ ತೆರೆದ ಅಕ್ಟೋಬರ್ ಘೋಷಣೆಗೆ ಸಹಿ ಹಾಕಿ ಎಂದು ಗಂಡನನ್ನು ಒತ್ತಾಯಿಸಿದವರಲ್ಲಿ ಅವನೂ ಒಬ್ಬ. ರಾಸ್ಪುಟಿನ್‌ನನ್ನು ಅವನು ಬಹಿರಂಗವಾಗಿ ದ್ವೇಷಿಸುತ್ತಿದ್ದ. ಜನ ತನ್ನ ಗಂಡನಿಗಿಂತ ಅವನನ್ನೇ ದೊಡ್ಡವನೆಂದು ನೋಡುತ್ತಾರೆ ಎಂಬ ಅಳುಕೂ ರಾಣಿಗಿತ್ತು. ಆಕೆ ಒತ್ತಾಯ ಮಾಡಿದ್ದು ನಿಜ, ರಾಸ್ಪುಟಿನ್ ಆಶೀರ್ವಾದ ಇದ್ದದ್ದೂ ನಿಜ. ಆದರೆ ಮೇಲೆ ಹೇಳಿದ ಹಾಗೆ ಆಸೆ ಝಾರ್‌ನದೇ, ಅದೂ ಹತ್ತು ವರ್ಷದ ಹಳೆಯ ಆಸೆ. ಹೆಂಡತಿ ಅವನನ್ನು ತಳ್ಳಲಿಲ್ಲ, ಹಿಂಜರಿಯದಂತೆ ಹಿಡಿದು ನಿಲ್ಲಿಸಿದಳು. ಎಲ್ಲವನ್ನೂ ರಾಸ್ಪುಟಿನ್ ತಲೆಗೆ ಕಟ್ಟಿದರೆ ಕಥೆ ರೋಚಕವಾಗುತ್ತದೆ. ಆದರೆ ನಿಕೊಲಸ್ ಎಂಬ ಮನುಷ್ಯ ಅದರಿಂದ ಕಾಣೆಯಾಗುತ್ತಾನೆ.

## ಮೊಗಿಲೆವ್‌ನಲ್ಲಿ

ಹಾಗಾದ್ರೆ ಯುದ್ಧದ ಯೋಜನೆ ಎಲ್ಲ ಝಾರ್ ಮಾಡ್ತಿದ್ನಾ?

ಇಲ್ಲ. ಆ ಕೆಲಸ ಮಾಡಿದ್ದು ಸಿಬ್ಬಂದಿ ಮುಖ್ಯಸ್ಥ ಜನರಲ್ ಮಿಖಾಯಿಲ್ ಅಲೆಕ್ಸೇಯೆವ್. ಸಾಮಾನ್ಯ ಸೈನಿಕನಾಗಿ ಸೇರಿ ಅಧಿಕಾರಿಯಾಗಿ ಬೆಳೆದವನ ಮಗ. ಆಡಂಬರ ಇಲ್ಲ, ಅರಮನೆಯ ನಯ ಇಲ್ಲ. ರಾತ್ರಿ ಹಗಲು ನಕ್ಷೆಗಳ ಮುಂದೆಯೇ. ಎಲ್ಲವನ್ನೂ ತಾನೇ ಬರೆಯಬೇಕು, ತಾನೇ ನೋಡಬೇಕು ಎನ್ನುವ ಸ್ವಭಾವ, ಅದೇ ಅವನ ದೌರ್ಬಲ್ಯ ಕೂಡ. ಆದರೆ ಹಳೆಯ ಸ್ತಾವ್ಕಾದ ಯಾನುಷ್ಕೆವಿಚ್‌ಗೆ ಹೋಲಿಸಿದರೆ ಅವನು ಎಷ್ಟೋ ಪಾಲು ಮೇಲು. ಝಾರ್ ಅವನ ಯೋಜನೆಗಳಿಗೆ ಸಾಮಾನ್ಯವಾಗಿ ಒಪ್ಪಿಗೆ ಕೊಡುತ್ತಿದ್ದ, ಅಡ್ಡ ಬರುತ್ತಿದ್ದದ್ದು ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ, ಸೇನೆಯ ದೃಷ್ಟಿಯಿಂದ 1915ರ ಸೆಪ್ಟೆಂಬರ್ ಬದಲಾವಣೆ ಒಳ್ಳೆಯದೇ ಆಯಿತು. ಝಾರ್ ಮಾಡಿದ ಒಳ್ಳೆಯ ಕೆಲಸವೆಂದರೆ ತನಗಿಂತ ಬಲ್ಲವನನ್ನು ಪಕ್ಕದಲ್ಲಿಟ್ಟುಕೊಂಡು ಅವನಿಗೆ ಕೆಲಸ ಬಿಟ್ಟುಕೊಟ್ಟದ್ದು.

ಮತ್ತೆ ಅಲ್ಲಿ ದಿನವಿಡೀ ಏನು ಮಾಡ್ತಿದ್ದ?

ಮೊಗಿಲೆವ್‌ನ ಗವರ್ನರ್ ಮನೆಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಗಳಲ್ಲಿ ಇದ್ದ. ಬೆಳಿಗ್ಗೆ ಪಕ್ಕದ ಕಟ್ಟಡಕ್ಕೆ ನಡೆದು ಹೋಗಿ ಅಲೆಕ್ಸೇಯೆವ್‌ನ ವರದಿ ಕೇಳುವುದು. ಮಧ್ಯಾಹ್ನ ಮಿತ್ರ ದೇಶಗಳ ಸೇನಾ ಪ್ರತಿನಿಧಿಗಳ ಜೊತೆ ಊಟ. ಆಮೇಲೆ ಕಾರಿನಲ್ಲಿ ಊರಾಚೆ ಹೋಗಿ ದೂರದವರೆಗೆ ನಡಿಗೆ. ಸಂಜೆ ಕಾಗದಪತ್ರ, ರಾಣಿಗೆ ಪತ್ರ. ಗಂಡ ಹೆಂಡತಿ ಪತ್ರ ಬರೆದುಕೊಳ್ಳುತ್ತಿದ್ದದ್ದು ಇಂಗ್ಲಿಷಿನಲ್ಲಿ.

1915ರ ಅಕ್ಟೋಬರ್‌ನಲ್ಲಿ 11 ವರ್ಷದ ಮಗ ಅಲೆಕ್ಸಿಯೂ ಬಂದ. ಅಪ್ಪ ಮಗ ಒಂದೇ ಕೋಣೆಯಲ್ಲಿ ಸೈನಿಕರ ಮಂಚಗಳ ಮೇಲೆ ಮಲಗುತ್ತಿದ್ದರು. ಹುಡುಗನಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆ. ಡಿಸೆಂಬರ್‌ನಲ್ಲಿ ಮೂಗಿನಿಂದ ರಕ್ತ ಸೋರತೊಡಗಿ ನಿಲ್ಲದೆ ಹೋದಾಗ ವಾಪಸ್ ಕರೆದೊಯ್ಯಬೇಕಾಯಿತು. ಆಮೇಲೆ ಮತ್ತೆ ಬಂದ.

ರಾಜಧಾನಿಯ ಒಳಸಂಚುಗಳಿಂದ ದೂರ, ಸಮವಸ್ತ್ರದವರ ನಡುವೆ, ಗಂಟೆಗೆ ಸರಿಯಾಗಿ ಸಾಗುವ ಬದುಕು ಅವನಿಗೆ ಹಿಡಿಸಿತ್ತು. ಪತ್ರಗಳನ್ನು ಓದಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ನನಗೆ ಅತಿ ಬೇಸರ ಹುಟ್ಟಿಸುವ ಸಂಗತಿಯೂ ಇದೇ. ಅವನು ನೆಮ್ಮದಿಯಾಗಿದ್ದ ಜಾಗ ಅವನು ಇರಬಾರದಿದ್ದ ಜಾಗವಾಗಿತ್ತು.

ದಂಡನಾಯಕ ಆದ್ರೂ ಬರೀ ಕರ್ನಲ್ ಅಂತೆ?

ಹೌದು. ತಂದೆ ಮೂರನೇ ಅಲೆಕ್ಸಾಂಡರ್ ಇದ್ದಾಗ ಸಿಕ್ಕ ಪದವಿ ಕರ್ನಲ್. ದೊರೆಯಾದ ಮೇಲೆ ತನಗೆ ತಾನೇ ಬಡ್ತಿ ಕೊಟ್ಟುಕೊಳ್ಳುವುದು ಸರಿಯಲ್ಲ ಎಂದು ಕೊನೆವರೆಗೂ ಕರ್ನಲ್ ಆಗಿಯೇ ಉಳಿದ. ಬ್ರಿಟನ್ ಮಾತ್ರ 1916ರಲ್ಲಿ ಅವನಿಗೆ ತನ್ನ ಸೇನೆಯ ಫೀಲ್ಡ್ ಮಾರ್ಷಲ್ ಗೌರವ ಕೊಟ್ಟಿತು.

## ಇನ್ನೂ ಆಳಕ್ಕೆ

ಅವನು ಬಂದ ಮೇಲೆ ಸೇನೆ ಸುಧಾರಿಸಿತಾ, ಇಲ್ಲಾ ಇನ್ನೂ ಕೆಟ್ಟಿತಾ?

ಸುಧಾರಿಸಿತು. ಆದರೆ ಇದರ ಶ್ರೇಯಸ್ಸು ಅವನೊಬ್ಬನದಲ್ಲ. 1915ರ ಸೆಪ್ಟೆಂಬರ್‌ನಲ್ಲೇ ಜರ್ಮನ್ ಅಶ್ವದಳ ಸ್ವೆಂಟ್ಸಿಯಾನಿ ಹತ್ತಿರ ಸಾಲು ಸೀಳಿ ನುಗ್ಗಿತು. ಅಲೆಕ್ಸೇಯೆವ್ ಆ ಬಿರುಕನ್ನು ಮುಚ್ಚಿದ. ಅಕ್ಟೋಬರ್ ಹೊತ್ತಿಗೆ ರಿಗಾದಿಂದ ದಕ್ಷಿಣದವರೆಗೆ ರಣರೇಖೆ ನಿಂತಿತು. ಜರ್ಮನ್ನರು ಆ ಹೊತ್ತಿಗೆ ದಣಿದಿದ್ದರು, ಅವರ ರೈಲುಗಳು ಬಹಳ ಹಿಂದೆ ಉಳಿದಿದ್ದವು ಎಂಬುದನ್ನೂ ಸೇರಿಸಿಕೊಳ್ಳಬೇಕು. ಕಾರ್ಖಾನೆಗಳು ಚುರುಕಾಗಿ, 1916ರಲ್ಲಿ ಗುಂಡಿನ ಕೊರತೆ ಬಹಳಷ್ಟು ನೀಗಿತು.

1916ರ ಮಾರ್ಚ್‌ನಲ್ಲಿ ನಾರೊಚ್ ಕೆರೆಯ ಬಳಿ ಕೆಸರಿನಲ್ಲಿ ನಡೆಸಿದ ದಾಳಿ ಪೂರ್ತಿ ನೆಲಕಚ್ಚಿತು, ಸತ್ತವರು ಗಾಯಗೊಂಡವರು ಸೇರಿ ನಷ್ಟ ಸುಮಾರು ಒಂದು ಲಕ್ಷ. ಏಪ್ರಿಲ್ 14ರಂದು ಮೊಗಿಲೆವ್‌ನಲ್ಲಿ ಸೇನಾಪತಿಗಳ ಸಭೆ ಸೇರಿತು. ಪಶ್ಚಿಮ ರಂಗದ ಎವರ್ಟ್, ಉತ್ತರ ರಂಗದ ಕುರೊಪಾಟ್ಕಿನ್ ಇಬ್ಬರೂ ದಾಳಿ ಬೇಡ ಎಂದು ರಾಗ ಎಳೆದರು. ನೈರುತ್ಯ ರಂಗದ ಬ್ರುಸಿಲೊವ್ ಮಾತ್ರ ತನ್ನ ಸೇನೆ ದಾಳಿ ಮಾಡಬಲ್ಲದು ಎಂದ. ಅಧ್ಯಕ್ಷತೆ ಝಾರ್‌ನದು, ಅವನು ಬಾಯಿ ಬಿಟ್ಟದ್ದು ಕಡಿಮೆ. ಜೂನ್ 4ರಂದು ಬ್ರುಸಿಲೊವ್‌ನ ನಾಲ್ಕು ಸೇನೆಗಳು ಒಟ್ಟಿಗೆ ಹಲವು ಕಡೆ ನುಗ್ಗಿದವು. ಎಲ್ಲಿ ಮುಖ್ಯ ಹೊಡೆತ ಎಂದು ಆಸ್ಟ್ರಿಯನ್ನರಿಗೆ ತಿಳಿಯಲೇ ಇಲ್ಲ. ಜೂನ್ 7ಕ್ಕೆ ಲುಟ್ಸ್ಕ್ ಸಿಕ್ಕಿತು. ಮೊದಲ ತಿಂಗಳೊಳಗೇ ಸುಮಾರು ಎರಡು ಲಕ್ಷ ಸೆರೆಯಾಳುಗಳು.

ಆದರೆ ಗೆಲುವನ್ನು ಬೆಳೆಸಬೇಕಿದ್ದ ಎವರ್ಟ್ ಮೀನಮೇಷ ಎಣಿಸಿದ. ಸರ್ವೋಚ್ಚ ದಂಡನಾಯಕ ಬೇಕಾಗುವುದು ಇಂಥ ಹೊತ್ತಿಗೇ ಅಲ್ವಾ? ಒಬ್ಬ ಸೇನಾಪತಿ ಗೆಲ್ಲುತ್ತಿರುವಾಗ ಇನ್ನೊಬ್ಬನಿಗೆ 'ಹೊರಡು' ಎಂದು ಗದರಿಸುವವನು ಬೇಕಿತ್ತು. ನಿಕೊಲಸ್ ಗದರಿಸುವ ಜಾಯಮಾನದವನಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಕೊವೆಲ್ ಊರಿನ ಬಳಿಯ ಜೌಗಿನಲ್ಲಿ ಅಪಾರ ಸೈನಿಕರು ಬಲಿಯಾದರು.

ಹಿಂದಿನ ಝಾರ್‌ಗಳೂ ಹೀಗೆ ರಣರಂಗಕ್ಕೆ ಹೋಗಿದ್ರಾ?

ಹೋಗಿದ್ದರು. ಪೀಟರ್ 1709ರಲ್ಲಿ ಪೊಲ್ಟಾವಾದಲ್ಲಿ ಸ್ವೀಡನ್ನರನ್ನು ಸೋಲಿಸಿದಾಗ ಗುಂಡೊಂದು ಅವನ ಟೋಪಿಯನ್ನೇ ತೂರಿ ಹೋಗಿತ್ತು. ಅದೇ ಪೀಟರ್ 1711ರಲ್ಲಿ ಪ್ರೂತ್ ನದಿಯ ಬಳಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಕಷ್ಟಪಟ್ಟು ಒಪ್ಪಂದ ಮಾಡಿಕೊಂಡು ಪಾರಾದ.

ಹೆಚ್ಚು ಪಾಠ ಇರುವುದು ಒಂದನೇ ಅಲೆಕ್ಸಾಂಡರ್‌ನ ಕಥೆಯಲ್ಲಿ. ಡಿಸೆಂಬರ್ 2, 1805ರಂದು ಆಸ್ಟರ್ಲಿಟ್ಜ್‌ನಲ್ಲಿ ಹೆಸರಿಗೆ ದಂಡನಾಯಕ ಕುಟುಜೊವ್. ನಿಜವಾದ ಒತ್ತಡ ಯುವ ಝಾರ್‌ನದು. ನೆಪೋಲಿಯನ್ ಎದುರು ಸೇನೆ ಚೂರುಚೂರಾಯಿತು. 1812ರಲ್ಲಿ ನೆಪೋಲಿಯನ್ ರಷ್ಯದೊಳಗೆ ನುಗ್ಗಿದಾಗಲೂ ಅಲೆಕ್ಸಾಂಡರ್ ಸೇನೆಯ ಜೊತೆಗಿದ್ದ. ಆಗ ಹತ್ತಿರದ ಸಲಹೆಗಾರರಾದ ಶಿಷ್ಕೊವ್, ಅರಾಕ್ಚೆಯೆವ್, ಬಲಾಶೊವ್ ಸೇರಿ, ನೀವು ರಾಜಧಾನಿಗೆ ಹೋದರೆ ದೇಶಕ್ಕೆ ಹೆಚ್ಚು ಉಪಕಾರ ಎಂದು ಪತ್ರ ಬರೆದರು. ಅವನು ಕೇಳಿದ. ಜುಲೈನಲ್ಲಿ ಸೇನೆ ಬಿಟ್ಟು ಹೊರಟ. ಆಗಸ್ಟ್‌ನಲ್ಲಿ ತನಗೆ ಇಷ್ಟವಿಲ್ಲದಿದ್ದರೂ ಕುಟುಜೊವ್‌ನನ್ನೇ ನೇಮಿಸಿದ. ನೂರ ಮೂರು ವರ್ಷದ ನಂತರ ಅಂಥದೇ ಪತ್ರ ನಿಕೊಲಸ್ ಕೈಗೆ ಬಂದಾಗ ಅವನು ಅದನ್ನು ಬದಿಗಿಟ್ಟ.

ಬೇರೆ ದೇಶದ ರಾಜರು ಆಗ ಏನು ಮಾಡ್ತಿದ್ರು?

ಬೆಲ್ಜಿಯಂನ ಆಲ್ಬರ್ಟ್ ನಿಜವಾಗಿಯೂ ತನ್ನ ಸೇನೆ ನಡೆಸಿದ, ಅದರಿಂದ ಹೆಸರೂ ಪಡೆದ. ಅವನ ಕೈಯಲ್ಲಿ ಉಳಿದಿದ್ದದ್ದು ದೇಶದ ಒಂದು ಚೂರು. ಸರ್ಕಾರ ನೋಡಿಕೊಳ್ಳಲು ಮಂತ್ರಿಗಳಿದ್ದರು. ಜರ್ಮನಿಯ ಕೈಸರ್ ವಿಲ್‌ಹೆಲ್ಮ್ ಹೆಸರಿಗಷ್ಟೇ ಮುಖ್ಯಸ್ಥ. ಆಸ್ಟ್ರಿಯಾದ ಹೊಸ ಚಕ್ರವರ್ತಿ ಕಾರ್ಲ್ ಮಾತ್ರ ನಿಕೊಲಸ್ ಹಾಗೇ 1916ರ ಡಿಸೆಂಬರ್‌ನಲ್ಲಿ ತಾನೇ ದಂಡನಾಯಕನಾದ. ಅವನ ಸಾಮ್ರಾಜ್ಯವೂ ಎರಡು ವರ್ಷದೊಳಗೆ ಮುಗಿಯಿತು.

ರಾಜಧಾನಿಯಲ್ಲಿ ಅವನಿಲ್ಲದೆ ಏನಾಯ್ತು?

ಅಸಲಿ ಪೆಟ್ಟು ಬಿದ್ದದ್ದೇ ಅಲ್ಲಿ. ಮೊಗಿಲೆವ್‌ನಿಂದ ರಾಜಧಾನಿಗೆ ರೈಲಿನಲ್ಲಿ ಸುಮಾರು ಒಂದು ದಿನದ ದಾರಿ. ಒಬ್ಬ ಗಟ್ಟಿ ಪ್ರಧಾನಿಗೆ ಪೂರ್ತಿ ಅಧಿಕಾರ ಕೊಟ್ಟು ಹೋಗಿದ್ದರೆ ನಡೆಯುತ್ತಿತ್ತು. 1915ರ ಬೇಸಿಗೆಯಲ್ಲಿ ಡೂಮಾದ ಬಹುಪಾಲು ಸದಸ್ಯರು 'ಪ್ರಗತಿಪರ ಕೂಟ' ಕಟ್ಟಿಕೊಂಡು, ಜನರ ನಂಬಿಕೆ ಇರುವ ಮಂತ್ರಿಮಂಡಲ ಕೊಡಿ ಎಂದು ಕೇಳುತ್ತಿದ್ದರು. ಅನೇಕ ಮಂತ್ರಿಗಳಿಗೂ ಅದೇ ಬೇಕಿತ್ತು. ಝಾರ್ ಸೆಪ್ಟೆಂಬರ್ 16ರಂದು ಡೂಮಾ ಅಧಿವೇಶನವನ್ನೇ ನಿಲ್ಲಿಸಿದ.

ಆಮೇಲೆ ಮಂತ್ರಿಗಳು ಬಂದು ಹೋಗುತ್ತಲೇ ಇದ್ದರು. ಗೊರೆಮಿಕಿನ್, ಸ್ಟ್ಯೂರ್ಮರ್, ಟ್ರೆಪೊವ್, ಗೊಲಿತ್ಸಿನ್ ಅಂತ ಒಂದೂವರೆ ವರ್ಷದಲ್ಲಿ ನಾಲ್ಕು ಪ್ರಧಾನಿಗಳು. ಸೇನೆಗೆ ಸಾಮಾನು ಒದಗಿಸಿದ್ದ ಪೊಲಿವಾನೊವ್‌ನನ್ನೂ 1916ರ ಮಾರ್ಚ್‌ನಲ್ಲಿ ತೆಗೆದರು. ಯಾರನ್ನು ತರಬೇಕು, ಯಾರನ್ನು ತೆಗೆಯಬೇಕು ಎಂದು ರಾಣಿ ದಿನಾ ಪತ್ರ ಬರೆಯುತ್ತಿದ್ದಳು. ಆಕೆ ಜರ್ಮನ್ ಮೂಲದವಳು. ಆಕೆ ದ್ರೋಹಿ ಎಂಬ ಮಾತು ಸುಳ್ಳು, ಆದರೆ ಬ್ರೆಡ್ಡಿನ ಸಾಲುಗಳಲ್ಲಿ ನಿಂತ ಜನ ಅದನ್ನೇ ನಂಬಿದರು.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇಲ್ಲಿದೆ. ಅವನು ಸೇನೆಯ ಬಳಿ ಹೋದದ್ದಕ್ಕಿಂತ, ಹಿಂದೆ ಸರ್ಕಾರ ಎನ್ನುವಂಥದ್ದನ್ನು ಬಿಟ್ಟು ಹೋಗದೆ ಇದ್ದದ್ದು ದೊಡ್ಡ ತಪ್ಪು. ಎರಡು ದೋಣಿಯಲ್ಲಿ ಕಾಲಿಟ್ಟಂತಾಯಿತು, ಚುಕ್ಕಾಣಿ ಯಾವುದರಲ್ಲೂ ಅವನ ಕೈಯಲ್ಲಿರಲಿಲ್ಲ.

1917ರ ಮಾರ್ಚ್‌ನಲ್ಲಿ ಅವನು ಪೆಟ್ರೊಗ್ರಾದ್‌ನಲ್ಲೇ ಇದ್ದಿದ್ರೆ ಕ್ರಾಂತಿ ತಪ್ಪುತ್ತಿತ್ತಾ?

ಗಲಭೆ ತಪ್ಪುತ್ತಿರಲಿಲ್ಲ. ಬ್ರೆಡ್ಡಿನ ಕೊರತೆ, ಬೆಲೆ ಏರಿಕೆ, ಯುದ್ಧದ ಆಯಾಸ ಯಾವುದೂ ಅವನು ಇದ್ದ ಮಾತ್ರಕ್ಕೆ ಹೋಗುತ್ತಿರಲಿಲ್ಲ. ಆದರೆ ಸುದ್ದಿ ತಿಳಿಯುವುದು, ನಿರ್ಧಾರ ಮಾಡುವುದು ಬೇರೆಯೇ ಆಗುತ್ತಿತ್ತು.

ತಾರೀಖು ನೋಡಿ. ಮಾರ್ಚ್ 7ರಂದು ಅವನು ತ್ಸಾರ್ಸ್ಕೊಯೆ ಸೆಲೊ ಅರಮನೆಯಿಂದ ಮೊಗಿಲೆವ್‌ಗೆ ಹೊರಟ. ಮಾರ್ಚ್ 8ರಂದು ಹೆಂಗಸರು, ಕಾರ್ಮಿಕರು ಬೀದಿಗಿಳಿದರು. ಮಾರ್ಚ್ 10ರಂದು ಅವನು ಗಲಭೆಯನ್ನು ನಾಳೆಯೇ ನಿಲ್ಲಿಸಿ ಎಂದು ರಾಜಧಾನಿಯ ಸೇನೆಯ ಮುಖ್ಯಸ್ಥ ಜನರಲ್ ಖಬಾಲೊವ್‌ಗೆ ತಂತಿ ಕಳಿಸಿದ. ಮಾರ್ಚ್ 11ರಂದು ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು. ಮಾರ್ಚ್ 12ರಂದು ಆ ಸೈನಿಕರೇ ದಂಗೆ ಎದ್ದರು, ಮೊದಲು ಎದ್ದದ್ದು ವೊಲಿನ್ಸ್ಕಿ ರೆಜಿಮೆಂಟ್. ಬೀದಿಯ ಕಾವು ತಿಳಿಯದವನು ಮಾತ್ರ ಅಂಥ ತಂತಿ ಕಳಿಸಬಲ್ಲ.

ಇನ್ನೂ ಕೆಟ್ಟದ್ದು ಮುಂದಿನದು. ಮಾರ್ಚ್ 13ರ ನಸುಕಿನಲ್ಲಿ ಅವನು ಹೆಂಡತಿ ಮಕ್ಕಳ ಕಡೆಗೆ ರೈಲಿನಲ್ಲಿ ಹೊರಟ. ಮಕ್ಕಳಿಗೆ ದಡಾರ ಬಂದಿತ್ತು. ಮಲಾಯಾ ವಿಶೆರಾದಲ್ಲಿ ಮುಂದಿನ ದಾರಿ ದಂಗೆಕೋರರ ಕೈಯಲ್ಲಿದೆ ಎಂದು ತಿಳಿದು ರೈಲು ತಿರುಗಿತು. ಕೊನೆಗೆ ನಿಂತದ್ದು ಪ್ಸ್ಕೊವ್‌ನಲ್ಲಿ, ಉತ್ತರ ರಂಗದ ಸೇನಾಪತಿ ರುಜ್ಸ್ಕಿಯ ಬಳಿ. ಲಕ್ಷಾಂತರ ಸೈನಿಕರ ದಂಡನಾಯಕ ಸುಮಾರು ಎರಡು ದಿನ ರೈಲು ಬೋಗಿಯೊಳಗೆ ಯಾರ ಕೈಗೂ ಸರಿಯಾಗಿ ಸಿಗದೆ ಇದ್ದ. ಆ ಎರಡು ದಿನದಲ್ಲಿ ಎಲ್ಲ ಮುಗಿದಿತ್ತು.

ಅವನ ಸೇನಾಪತಿಗಳೇ ಕೈಕೊಟ್ಟರು ಅಂತಾರೆ. ನಿಜಾನಾ?

ಮಾರ್ಚ್ 15ರಂದು ಅಲೆಕ್ಸೇಯೆವ್ ಎಲ್ಲ ರಂಗಗಳ ಮುಖ್ಯಸ್ಥರಿಗೆ ತಂತಿ ಕಳಿಸಿದ. ಯುದ್ಧ ಮುಂದುವರಿಸಬೇಕಾದರೆ ಝಾರ್ ಸಿಂಹಾಸನ ಬಿಡುವುದೊಂದೇ ದಾರಿ ಎನ್ನುವ ಧಾಟಿ ಅದರಲ್ಲಿತ್ತು. ಬ್ರುಸಿಲೊವ್ ಒಪ್ಪಿದ, ಎವರ್ಟ್ ಒಪ್ಪಿದ. ಕಾಕಸಸ್‌ನಿಂದ ಗ್ರ್ಯಾಂಡ್ ಡ್ಯೂಕ್ ಕೂಡ ಸಿಂಹಾಸನ ಬಿಡಿ ಎಂದು ಬೇಡಿಕೊಂಡು ತಂತಿ ಕಳಿಸಿದ. ಅಂದೇ ರಾತ್ರಿ ಡೂಮಾದಿಂದ ಗುಚ್ಕೊವ್ ಮತ್ತು ಶುಲ್ಗಿನ್ ಬಂದರು. ಝಾರ್ ತನ್ನ ಪರವಾಗಿಯೂ ಮಗನ ಪರವಾಗಿಯೂ ಪದತ್ಯಾಗಕ್ಕೆ ಸಹಿ ಹಾಕಿದ. ಸುತ್ತಲೂ ದ್ರೋಹ, ಹೇಡಿತನ, ಮೋಸ ಎಂದು ಅವನ ದಿನಚರಿಯಲ್ಲಿದೆ.

ಅವನ ನೋವು ನನಗೆ ಅರ್ಥವಾಗುತ್ತದೆ. ಆದರೆ ಸೇನಾಪತಿಗಳನ್ನು ದ್ರೋಹಿಗಳೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಯುದ್ಧ ಗೆಲ್ಲಬೇಕೆಂದಿದ್ದರು, ಅದಕ್ಕೆ ದೊರೆ ಅಡ್ಡಿಯಾಗಿದ್ದಾನೆ ಎಂದು ಲೆಕ್ಕ ಹಾಕಿದರು. ಝಾರ್ ದಂಡನಾಯಕನಾಗಿರದಿದ್ದರೆ ಅವರಿಗೆ ಇಂಥ ಪ್ರಶ್ನೆ ಎದುರಾಗುತ್ತಲೇ ಇರಲಿಲ್ಲ. ಬೈಗುಳ ದಂಡನಾಯಕನಿಗೆ ಹೋಗುತ್ತಿತ್ತು, ದೊರೆ ಅವನನ್ನು ಬದಲಿಸಿ ಉಳಿಯುತ್ತಿದ್ದ. 1915ರಲ್ಲಿ ಎಂಟು ಮಂತ್ರಿಗಳು ಹೆದರಿದ್ದು ಇದಕ್ಕೇ.

ಕೊನೆಗೆ ಗ್ರ್ಯಾಂಡ್ ಡ್ಯೂಕ್ ಮತ್ತು ಅಲೆಕ್ಸೇಯೆವ್ ಏನಾದ್ರು?

1915ರಲ್ಲಿ ಗ್ರ್ಯಾಂಡ್ ಡ್ಯೂಕ್‌ನನ್ನು ಕಾಕಸಸ್‌ಗೆ ಕಳಿಸಿದ್ದರು. ಅಲ್ಲಿ ಅವನ ಕೆಳಗೆ ಜನರಲ್ ಯುಡೆನಿಚ್ 1916ರಲ್ಲಿ ತುರ್ಕರ ಎರ್ಜುರುಮ್ ಕೋಟೆ ಗೆದ್ದ. ಪದತ್ಯಾಗದ ಹೊತ್ತಿನಲ್ಲಿ ನಿಕೊಲಸ್ ಅವನನ್ನೇ ಮತ್ತೆ ಸರ್ವೋಚ್ಚ ದಂಡನಾಯಕನನ್ನಾಗಿ ನೇಮಿಸಿದ. ಅವನು ಮೊಗಿಲೆವ್‌ಗೆ ಬರುವಷ್ಟರಲ್ಲಿ ಝಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರ ಅವನು ಬೇಡವೆಂದಿತು. 1919ರಲ್ಲಿ ಕ್ರೈಮಿಯಾದಿಂದ ಬ್ರಿಟಿಷ್ ಹಡಗಿನಲ್ಲಿ ದೇಶ ಬಿಟ್ಟ. 1929ರಲ್ಲಿ ಫ್ರಾನ್ಸಿನ ಆಂಟಿಬ್‌ನಲ್ಲಿ ತೀರಿಕೊಂಡ. 2015ರಲ್ಲಿ ಅವನ ಅವಶೇಷಗಳನ್ನು ಮಾಸ್ಕೊಗೆ ತಂದು ಮತ್ತೆ ಮಣ್ಣು ಮಾಡಿದರು.

ಅಲೆಕ್ಸೇಯೆವ್ ಕೆಲವು ತಿಂಗಳು ಸರ್ವೋಚ್ಚ ದಂಡನಾಯಕನಾಗಿದ್ದ. ಲೆನಿನ್‌ನ ಬೊಲ್ಶೆವಿಕ್ಕರು ಅಧಿಕಾರ ಹಿಡಿದ ಮೇಲೆ ದಕ್ಷಿಣಕ್ಕೆ ಹೋಗಿ ಅವರ ವಿರುದ್ಧ ಸ್ವಯಂಸೇವಕ ಸೇನೆ ಕಟ್ಟಲು ಶುರು ಮಾಡಿದ. 1918ರಲ್ಲಿ ಯೆಕಟೆರಿನೊದಾರ್‌ನಲ್ಲಿ ಕಾಯಿಲೆಯಿಂದ ಸತ್ತ.